ಕಣ್ಣೀರು ತಡೆಯಬಾರದ ವೇಗ



ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ದೇಹದ 13 ವೇಗಗಳನ್ನು ಹೇಳಿದೆ. ಮಲ, ಮೂತ್ರ, ಸೀನು, ತೇಗು, ಆಕಳಿಕೆ, ವಾಂತಿ, ಹಸಿವು, ಬಾಯಾರಿಕೆ, ನಿದ್ರೆ ಮೊದಲಾದ ಈ ವೇಗಗಳು ಹುಟ್ಟಿದಾಗ ಬಲವಂತದಿಂದ ತಡೆಯಬಾರದು. ತಡೆದರೆ ರೋಗ ಹುಟ್ಟುತ್ತದೆ ಎಂಬುದು ಆಚಾರ್ಯರ ಸಿದ್ಧಾಂತ. ಮೂತ್ರ ಕಟ್ಟಬಾರದು, ಸೀನು ತಡೆಯಬಾರದು ಎಂದು ನಮ್ಮ ಹಿರಿಯರೂ ಹೇಳುತ್ತ ಬಂದಿದ್ದಾರೆ. ಆದರೆ ಅದೇ ಪಟ್ಟಿಯಲ್ಲಿ ಬಾಷ್ಪ, ಅಂದರೆ ಕಣ್ಣೀರು, ಸೇರಿರುವುದನ್ನು ಬಹಳ ಮಂದಿ ಗಮನಿಸಿಲ್ಲ. ಕಣ್ಣೀರನ್ನು ತಡೆದವನಿಗೆ ನೆಗಡಿ, ಕಣ್ಣುಬೇನೆ, ಹೃದ್ರೋಗ, ಅರುಚಿ, ತಲೆಸುತ್ತು ಬರುತ್ತವೆ ಎಂದು ಗ್ರಂಥ ತಿಳಿಸುತ್ತದೆ. ಹೆಂಗಸರ ಕಣ್ಣೀರು, ಗಂಡಸರ ಕಣ್ಣೀರು ಎಂಬ ಭೇದವನ್ನು ಅದು ಮಾಡಿಲ್ಲ. ಆ ಭೇದವನ್ನು ಮಾಡಿದವರು ನಾವು.

ಈ ತಿಂಗಳು ನಾವು ಬರೆಯಲು ಹೊರಟಿರುವುದು ಆ ಭೇದದಿಂದ ಒದಗುತ್ತಿರುವ ಅನಾಹುತದ ಕುರಿತು. ವಿಷಯ ಕಹಿಯಾದುದು. ಆದರೂ ಮನೆಯ ಹಿರಿಯರು, ಗೃಹಿಣಿಯರು, ಯುವಕರು ಎಲ್ಲರೂ ಇದನ್ನು ಓದಬೇಕೆಂದು ವಿನಂತಿಸುತ್ತೇವೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 1,22,724 ಜನ ಪುರುಷರು. ಅಂದರೆ ನೂರರಲ್ಲಿ ಸುಮಾರು 72 ಮಂದಿ ಗಂಡಸರು. ಕರ್ನಾಟಕವೊಂದರಲ್ಲಿಯೇ ಆ ವರ್ಷ 13,606 ಜೀವಗಳು ಹೋದವು. ದೇಶದ ಒಟ್ಟು ಲೆಕ್ಕದಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ದಿನಗೂಲಿಯವರು. ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆಗೆ ಮೊದಲ ಸ್ಥಾನ, ಸುಮಾರು ಶೇ. 32, ಅನಾರೋಗ್ಯಕ್ಕೆ ಎರಡನೆಯ ಸ್ಥಾನ, ಸುಮಾರು ಶೇ. 18. ಸಾಲವೊಂದೇ ಕಾರಣವೆಂದು ನಾವು ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ರಾಜ್ಯ ಸರ್ಕಾರವು ರೈತರ ಆತ್ಮಹತ್ಯೆಯ ಕುರಿತು ನೇಮಿಸಿದ್ದ ಡಾ. ಜಿ. ಕೆ. ವೀರೇಶ್ ಸಮಿತಿ 2002ರಲ್ಲಿಯೇ ಇಂತಹ ಸಾವಿನ ಹಿಂದೆ ಅನೇಕ ಕಾರಣಗಳು ಒಂದರ ಮೇಲೊಂದು ಹೇರಿರುತ್ತವೆ ಎಂದು ತೋರಿಸಿತ್ತು. ಬೆಳೆನಷ್ಟ, ಸಾಲ, ಮನೆಯ ಜಗಳ, ಕುಡಿತ, ಬೇನೆ, ಅವಮಾನ ಇವೆಲ್ಲ ಕೂಡಿ ಬಂದಾಗ, ಹೇಳಿಕೊಳ್ಳಲು ಯಾರೂ ಇಲ್ಲವೆಂಬ ಭಾವನೆ ಮೇಲೆ ಬಿದ್ದರೆ, ಮನುಷ್ಯ ಕುಸಿಯುತ್ತಾನೆ. ಮಳೆಯನ್ನೂ ಮಾರುಕಟ್ಟೆಯ ದರವನ್ನೂ ನಾವು ಬದಲಿಸಲಾರೆವು. ಹೇಳಿಕೊಳ್ಳಲು ಯಾರೂ ಇಲ್ಲವೆಂಬ ಭಾವನೆಯನ್ನು ಬದಲಿಸುವುದು ಮಾತ್ರ ನಮ್ಮ ಕೈಯಲ್ಲಿದೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಗೋಗಿ ಸೀಮೆಯ ಒಬ್ಬ ಒಕ್ಕಲಿಗರು ಒಂದೇ ಮಳೆಗಾಲದಲ್ಲಿ ಮೂರು ಸಲ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಮೊದಲ ಸಲ ಎದೆಯುರಿ ಎಂದರು. ಅವಿಪತ್ತಿಕರ ಚೂರ್ಣ ಕೊಟ್ಟೆವು. ಎರಡನೆಯ ಸಲ ನಿದ್ದೆ ಇಲ್ಲವೆಂದರು, ಅಶ್ವಗಂಧ ಕೊಟ್ಟೆವು. ಮೂರನೆಯ ಸಲ ಮೈಕೈ ನೋವು, ಊಟ ಸೇರುವುದಿಲ್ಲ ಎಂದರು. ಔಷಧದ ಪೊಟ್ಟಣ ಕೈಗೆ ತೆಗೆದುಕೊಂಡ ಮೇಲೂ ಅವರು ಬಾಗಿಲಲ್ಲಿ ತುಸು ಹೊತ್ತು ನಿಂತರು. “ಹೊರಗ ಇನ್ನಾ ಎಷ್ಟು ಮಂದಿ ಅದಾರ್ರಿ?” ಎಂದು ಕೇಳಿದರು. ಬಹಳ ಮಂದಿ ಇದ್ದಾರೆ ಎಂದೆವು. “ಇರಲಿ ಬಿಡ್ರಿ, ಇನ್ನೊಮ್ಮಿ ಬರ್ತೀನಿ” ಎಂದು ಹೊರಟುಹೋದರು. ಇನ್ನೊಮ್ಮೆ ಅವರು ಬರಲಿಲ್ಲ. ಕೆಲವು ದಿನಗಳ ತರುವಾಯ ಅವರ ಊರಿನವರಿಂದ ಸುದ್ದಿ ಬಂತು. ಮೂರು ಸಲವೂ ನಾಡಿ ಹಿಡಿದಿದ್ದ ನಾವು “ಮನಸ್ಸಿಗೆ ಏನಾದರೂ ನೋವಿದೆಯೇ?” ಎಂಬ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ. ಅವರು ಹೇಳಲು ಬಂದಿದ್ದರೆಂದೂ ನಮಗೆ ಪುರುಸೊತ್ತಿಲ್ಲವೆಂದು ಕಂಡು ಹಿಂತಿರುಗಿದರೆಂದೂ ಇಂದಿಗೂ ನಮಗೆ ಅನಿಸುತ್ತದೆ. ಅಂದಿನಿಂದ ಮೂರು ವಾರ ನಿದ್ದೆ ಕೆಟ್ಟ ಯಾವ ಗಂಡಸು ಬಂದರೂ ಆ ಪ್ರಶ್ನೆಯನ್ನು ಕೇಳದೆ ನಾವು ಕಳಿಸುವುದಿಲ್ಲ.

ಗಂಡಸರು ಏಕೆ ಹೇಳುವುದಿಲ್ಲ? ನಮ್ಮ ಊರುಗಳ ಅಗಸಿಕಟ್ಟೆಯ ಮೇಲೆ, ಚಹಾ ಅಂಗಡಿಯ ಬೆಂಚಿನ ಮೇಲೆ ಗಂಡಸರು ಗಂಟೆಗಟ್ಟಲೆ ಮಾತನಾಡುತ್ತಾರೆ. ಹತ್ತಿಯ ದರ, ತೊಗರಿಗೆ ಬಿದ್ದ ರೋಗ, ಕಾಲುವೆಗೆ ಬಿಡದ ನೀರು, ಚುನಾವಣೆ ಎಲ್ಲವೂ ಅಲ್ಲಿ ಬರುತ್ತವೆ. “ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ, ಅಂಜಿಕೆಯಾಗುತ್ತದೆ” ಎಂಬ ಮಾತು ಮಾತ್ರ ಬರುವುದಿಲ್ಲ. ಚಿಕ್ಕಂದಿನಲ್ಲಿ ಬಿದ್ದು ಅತ್ತ ಮಗನಿಗೆ “ಗಂಡುಮಗನಾಗಿ ಅಳುತ್ತೀಯಾ?” ಎಂದು ನಾವೇ ಗದರಿಸಿರುತ್ತೇವೆ. ಅಳುವ ಗಂಡಸನ್ನು ನಂಬಬಾರದು ಎಂಬ ಗಾದೆಯನ್ನು ಅವನ ಕಿವಿಯ ಮೇಲೆ ಹಾಕಿರುತ್ತೇವೆ. ಮುಂದೆ ಅವನೇ ಮನೆಯ ಯಜಮಾನನಾದಾಗ, ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ ತಗಡಿನ ಶೆಡ್ಡಿನಲ್ಲಿ ಒಬ್ಬನೇ ಮಲಗಿದಾಗ, ಮಗಳ ಮದುವೆಯ ಸಾಲ ತೀರದಾದಾಗ, ಆ ಗಾದೆ ಅವನ ಬಾಯಿ ಕಟ್ಟುತ್ತದೆ. ನೋವು ಹೇಳಿದರೆ ಮರ್ಯಾದೆ ಹೋಗುತ್ತದೆ, ಹೆಂಡತಿ ಮಕ್ಕಳು ಎದೆಗುಂದುತ್ತಾರೆ, ನಂಟರು ನಗುತ್ತಾರೆ ಎಂದು ಅವನು ಭಾವಿಸುತ್ತಾನೆ.

ಇಲ್ಲಿ ಶಾಸ್ತ್ರದ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಅದೇ ಏಳನೆಯ ಅಧ್ಯಾಯವು ಲೋಭ, ಶೋಕ, ಭಯ, ಕ್ರೋಧ ಮೊದಲಾದ ಮನಸ್ಸಿನ ವೇಗಗಳನ್ನು ತಡೆಯಬೇಕೆಂದೂ ಹೇಳುತ್ತದೆ. ಹಾಗಾದರೆ ಶೋಕವನ್ನು ತಡೆ, ಕಣ್ಣೀರನ್ನು ತಡೆಯಬೇಡ ಎಂಬುದು ವಿರೋಧವಲ್ಲವೇ ಎಂದು ಕೇಳಬಹುದು. ವಿರೋಧವಲ್ಲ. ಶೋಕವನ್ನು ತಡೆಯುವುದೆಂದರೆ ಶೋಕದ ಕೈಗೆ ಬುದ್ಧಿಯನ್ನು ಕೊಡದಿರುವುದು. ನಾರಾಯಣಪುರದ ಬಸವಸಾಗರದಿಂದ ನಮ್ಮ ಸೀಮೆಗೆ ಬರುವ ಕಾಲುವೆಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೀರನ್ನು ಹಿಡಿತದಲ್ಲಿಡಲು ಗೇಟು ಬೇಕು. ಆದರೆ ಹಿಂದಿನಿಂದ ನೀರು ಒತ್ತಿ ಬರುತ್ತಿರುವಾಗ ಎಲ್ಲ ಗೇಟುಗಳನ್ನೂ ಮುಚ್ಚಿದರೆ ಒಡ್ಡು ಒಡೆಯುತ್ತದೆ. ಅಳುವುದು, ಹೇಳಿಕೊಳ್ಳುವುದು ಮನಸ್ಸಿನ ನೀರನ್ನು ಕ್ರಮವಾಗಿ ಹರಿಯಬಿಡುವ ದಾರಿ.

ವಿಷಾದವು ರೋಗವನ್ನು ಬೆಳೆಸುವ ಸಂಗತಿಗಳಲ್ಲಿ ಮೊದಲನೆಯದು ಎಂಬುದು ಚರಕರ ಇನ್ನೊಂದು ಅಭಿಪ್ರಾಯ. ದುಃಖ ಎಲ್ಲರಿಗೂ ಬರುತ್ತದೆ, ಕಾಲಕ್ರಮದಲ್ಲಿ ಇಳಿಯುತ್ತದೆ. ಆದರೆ ಎರಡು ವಾರಗಳಿಗೂ ಮಿಕ್ಕಿ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಯಾವುದರಲ್ಲಿಯೂ ಆಸಕ್ತಿ ಇಲ್ಲವಾದರೆ, ನಿದ್ರಾಹಾರಗಳು ಕೆಟ್ಟು ಕೆಲಸಕ್ಕೆ ಕೈ ಹೋಗದಿದ್ದರೆ, ಅದು ಬರಿಯ ದುಃಖವಲ್ಲ. ಖಿನ್ನತೆ ಎಂಬ ಕಾಯಿಲೆ. ಮಧುಮೇಹ, ರಕ್ತದೊತ್ತಡಗಳಂತೆ ಅದಕ್ಕೂ ಚಿಕಿತ್ಸೆ ಇದೆ. ಅದು ಹೇಡಿತನವಲ್ಲ, ಭಕ್ತಿಯ ಕೊರತೆಯೂ ಅಲ್ಲ.

ಗಂಡಸರಲ್ಲಿ ಖಿನ್ನತೆ ಅನೇಕ ವೇಳೆ ವೇಷ ಮರೆಸಿಕೊಂಡು ಬರುತ್ತದೆ. ಅಳುವುದಕ್ಕೆ ಬದಲಾಗಿ ಅವರು ಸಿಡುಕುತ್ತಾರೆ. ಮಕ್ಕಳ ಮೇಲೆ, ಎತ್ತಿನ ಮೇಲೆ ಕೋಪ ತೀರಿಸಿಕೊಳ್ಳುತ್ತಾರೆ. ಹೊಟ್ಟೆನೋವು, ಎದೆಭಾರ, ಸೊಂಟನೋವು ಎಂದು ವೈದ್ಯರಿಂದ ವೈದ್ಯರಿಗೆ ಅಲೆಯುತ್ತಾರೆ. ಕುಡಿತ ಹೆಚ್ಚುತ್ತದೆ. ನಸುಕಿನ ಮೂರು ಗಂಟೆಗೆ ಎಚ್ಚರವಾಗಿ ಅಂಗಳದಲ್ಲಿ ಕುಳಿತಿರುತ್ತಾರೆ. ಲಿಂಗಪೂಜೆ, ಜಾತ್ರೆ, ಮದುವೆ ಮುಂಜಿಗಳಿಂದ ಹಿಂದೆ ಸರಿಯುತ್ತಾರೆ. ಇವು ಮೊದಲ ಹಂತದ ಚಿಹ್ನೆಗಳು.

ಇನ್ನು ಕೆಲವು ಚಿಹ್ನೆಗಳು ಕಂಡಾಗ ಒಂದು ದಿನವನ್ನೂ ಕಳೆಯಬಾರದು. “ನಾನಿಲ್ಲದಿದ್ದರೆ ನೀವೆಲ್ಲ ಸುಖವಾಗಿರುತ್ತೀರಿ”, “ಇನ್ನು ಸಾಕಾಗಿದೆ”, “ಮಕ್ಕಳನ್ನು ನೋಡಿಕೊಳ್ಳಿ” ಎಂಬ ಮಾತುಗಳು. ಅಕಾರಣವಾಗಿ ಹೊಲಮನೆಯ ಕಾಗದಪತ್ರಗಳನ್ನು ಒಪ್ಪಿಸುವುದು. ಪ್ರೀತಿಯ ವಸ್ತುವನ್ನು ಕೊಟ್ಟುಬಿಡುವುದು. ಬಹಳ ದಿನ ತಳಮಳಿಸುತ್ತಿದ್ದವರು ಕಾರಣವಿಲ್ಲದೆ ಒಮ್ಮೆಲೇ ಶಾಂತರಾಗುವುದು. ಇಂತಹ ಮಾತನ್ನಾಡುವವರು ಮಾಡಿಕೊಳ್ಳುವುದಿಲ್ಲ ಎಂಬ ನಂಬಿಕೆ ತಪ್ಪು. ಹಿಂದೆ ಒಮ್ಮೆ ಪ್ರಯತ್ನಿಸಿದವರ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಇಂತಹ ಸಂದರ್ಭದಲ್ಲಿ ಮನೆಯವರು, ಗೆಳೆಯರು ಏನು ಮಾಡಬೇಕು?

ಮೊದಲನೆಯದು, ಕೇಳುವುದು. ನಾಲ್ಕು ಜನರ ಮುಂದೆ ಕೇಳಬೇಡಿ. ಹೊಲಕ್ಕೆ ಹೋಗುವ ದಾರಿಯಲ್ಲಿ, ಬಂಡಿಯ ಮೇಲೆ, ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಕೇಳಿರಿ. ಎದುರೆದುರು ಕುಳಿತು ಕೇಳಿದಾಗ ಬಾಯಿ ಬಿಡದ ಗಂಡಸು ಪಕ್ಕದಲ್ಲಿ ನಡೆಯುತ್ತ ಹೇಳುತ್ತಾನೆ. ಇದು ನಮ್ಮ ಅನುಭವ. “ಯಾಕೋ ತಮ್ಮಾ, ಇತ್ತಿತ್ಲಾಗ ಭಾಳ ಸಪ್ಪಗ ಅದೀಯಲ್ಲಾ, ಮನಸ್ಸಿಗಿ ಏನು ಹತ್ಯಾದ?” ಎಂಬಷ್ಟು ಸಾಕು. ಆತ “ಏನಿಲ್ಲ ಬಿಡ್ರಿ” ಎಂದರೆ ಅಲ್ಲಿಗೇ ಬಿಡದೆ, ಎರಡು ದಿನ ಬಿಟ್ಟು ಮತ್ತೊಮ್ಮೆ ಕೇಳಿರಿ. ಸಂಶಯ ಬಲವಾಗಿದ್ದರೆ “ಜೀವ ಕಳೆದುಕೊಳ್ಳಬೇಕು ಎಂಬ ವಿಚಾರ ಬರುತ್ತದೆಯೇ?” ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ವಿಚಾರವನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಅನೇಕರು ಅಂಜುತ್ತಾರೆ. ಹಾಗಾಗುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸ್ಪಷ್ಟಪಡಿಸಿದೆ. ಒಳಗೆ ಒಬ್ಬನೇ ಹೊತ್ತಿದ್ದ ಭಾರವನ್ನು ಹೊರಗಿಡಲು ಆ ಪ್ರಶ್ನೆ ಅವಕಾಶ ಕೊಡುತ್ತದೆ.

ಎರಡನೆಯದು, ಕೇಳಿದ ಮೇಲೆ ಆಲಿಸುವುದು. “ನಿನಗಿಂತ ಕಷ್ಟದಲ್ಲಿರುವವರು ಎಷ್ಟು ಮಂದಿ ಇಲ್ಲ”, “ಗಂಡಸಾಗಿ ಧೈರ್ಯವಿಲ್ಲವೇ”, “ಅದು ಮಹಾಪಾಪ” ಎಂಬ ಮಾತುಗಳು ಬುದ್ಧಿವಾದದಂತೆ ಕಂಡರೂ ತೆರೆದ ಬಾಯಿಯನ್ನು ಮುಚ್ಚಿಸುತ್ತವೆ. ಪಾಪಪುಣ್ಯದ ವಿಚಾರ ಆಮೇಲೆ ಇರಲಿ, ದಯೆ ಮೊದಲಿರಲಿ. “ಹೇಳಿದ್ದು ಛಲೋ ಆಯಿತು, ನಾನು ನಿನ್ನ ಸಂಗಡ ಇದ್ದೇನೆ” ಎಂದರೆ ಸಾಕು. ಸಾಲವನ್ನು ಅಂದೇ ತೀರಿಸಬೇಕಾಗಿಲ್ಲ, ಜಗಳವನ್ನು ಅಂದೇ ಬಗೆಹರಿಸಬೇಕಾಗಿಲ್ಲ.

ಮೂರನೆಯದು, ಕಾಯುವುದು. ಅಪಾಯದ ಗಳಿಗೆ ಎಂಬುದು ಬಹಳ ಸಲ ಕೆಲವು ನಿಮಿಷ, ಕೆಲವು ಗಂಟೆಗಳದ್ದು. ಆ ಹೊತ್ತು ದಾಟಿದರೆ ಜೀವ ಉಳಿಯುತ್ತದೆ. ಆದ್ದರಿಂದ ಅಂತಹವರನ್ನು ಒಬ್ಬರನ್ನೇ ಬಿಡಬಾರದು. ಬೆಳೆಗೆ ಹೊಡೆಯುವ ಎಣ್ಣೆಯನ್ನು ಮನೆಯಲ್ಲಿ ಎಂದಿಗೂ ಇಡಬಾರದು. ಉಳಿದದ್ದನ್ನು ಬೇರೆಡೆ ಬೀಗ ಹಾಕಿ, ಕೀಲಿಯನ್ನು ಇನ್ನೊಬ್ಬರ ವಶಕ್ಕೆ ಕೊಡಬೇಕು. ಇದು ಸಣ್ಣ ಮಾತಲ್ಲ. ನೆರೆಯ ಶ್ರೀಲಂಕೆಯಲ್ಲಿ ಅತಿ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ತರುವಾಯ, 1995ರಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಶೇ. 70ಕ್ಕೂ ಹೆಚ್ಚು ಇಳಿಯಿತು. ಅಲ್ಲಿಯ ಜನರ ಕಷ್ಟಗಳೆಲ್ಲ ತೀರಿದ್ದರಿಂದ ಹೀಗಾದದ್ದಲ್ಲ. ಆ ಗಳಿಗೆಯಲ್ಲಿ ವಿಷ ಕೈಗೆಟುಕಲಿಲ್ಲ, ಅಷ್ಟೆ.

ಇನ್ನು ಕುಡಿತದ ಮಾತು. ಕಣ್ಣೀರು ತಡೆದದ್ದರಿಂದ ಹುಟ್ಟುವ ವಿಕಾರಕ್ಕೆ ಚರಕರು ಮೂರು ಉಪಾಯಗಳನ್ನು ಹೇಳಿದ್ದಾರೆ: ನಿದ್ರೆ, ಮದ್ಯ ಮತ್ತು ಪ್ರಿಯವಾದ ಮಾತುಕತೆ. ಗ್ರಂಥದಲ್ಲಿರುವುದನ್ನು ನಾವು ಮುಚ್ಚಿಡುವುದಿಲ್ಲ. ಆ ಕಾಲದ ವೈದ್ಯರು ಅಳತೆಯಿಂದ ಔಷಧವಾಗಿ ಬಳಸಿದ ವಸ್ತು ಅದು. ಅದು ಮಿತಿಮೀರಿದಾಗ ಬರುವ ಮದಾತ್ಯಯ ರೋಗಕ್ಕೆ ಅದೇ ಸಂಹಿತೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ನಮ್ಮ ಗಂಡಸರು ಮೊದಲಿನ ಮತ್ತು ಕೊನೆಯ ಉಪಾಯಗಳನ್ನು ಬಿಟ್ಟು ನಡುವಿನದೊಂದನ್ನೇ ಹಿಡಿದುಕೊಂಡರು. ಹೆಂಡವು ನೋವನ್ನು ಒಂದು ರಾತ್ರಿ ಮರೆಸುತ್ತದೆ. ಬೆಳಗಾಗುವುದರೊಳಗೆ ನಿದ್ದೆಯನ್ನು ಕೆಡಿಸಿ, ಖಿನ್ನತೆಯನ್ನು ಹೆಚ್ಚಿಸಿ, ವಿವೇಕದ ಹಿಡಿತವನ್ನು ಸಡಿಲಿಸಿರುತ್ತದೆ. ಬಹಳ ವರ್ಷ ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ನಡುಕ, ಭ್ರಮೆ, ಫಿಟ್ಸ್ ಬರುವ ಅಪಾಯವಿರುವುದರಿಂದ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಿಡಿಸಬೇಕು.

ಉಳಿದ ಎರಡು ಉಪಾಯಗಳು ಇಂದಿಗೂ ಸಲ್ಲುತ್ತವೆ. ಹೊತ್ತಿಗೆ ಸರಿಯಾಗಿ ಮಲಗುವುದು, ರಾತ್ರಿ ಮೊಬೈಲು ದೂರವಿಡುವುದು, ಎಳ್ಳೆಣ್ಣೆಯಿಂದ ತಲೆ ಹಾಗೂ ಅಂಗಾಲುಗಳಿಗೆ ಅಭ್ಯಂಗ, ಬೆಚ್ಚಗಿನ ಹಗುರ ಊಟ, ನಸುಕಿನ ನಡಿಗೆ ಇವು ಕೆಟ್ಟ ವಾತವನ್ನು ಶಮನಗೊಳಿಸಿ ನಿದ್ರೆಗೆ ನೆರವಾಗುತ್ತವೆ. ಪ್ರಿಯವಾದ ಮಾತುಕತೆಯಂತೂ ಕಾಸಿಲ್ಲದ ಔಷಧ. ಆದರೆ ಒಂದು ಮಾತನ್ನು ಆಯುರ್ವೇದದ ವೈದ್ಯರಾಗಿಯೇ ನಾವು ಒತ್ತಿ ಹೇಳುತ್ತೇವೆ. ಸಾಯುವ ವಿಚಾರ ಬರುತ್ತಿರುವವರಿಗೆ ಬ್ರಾಹ್ಮಿ, ಅಶ್ವಗಂಧಗಳನ್ನು ಕೊಟ್ಟು ಕಾಯುತ್ತ ಕೂಡಬಾರದು. ಅವರನ್ನು ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. ಅವರು ಕೊಡುವ ಗುಳಿಗೆಗಳು ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ ಹಿಡಿಯಬಹುದು. ಅಷ್ಟರಲ್ಲಿ ಬೇಸತ್ತು ನಿಲ್ಲಿಸಬಾರದು, ಗುಣ ಕಂಡಿತೆಂದು ತಾವಾಗಿ ಬಿಡಲೂಬಾರದು. ನಾವು ಕೊಡುವ ಔಷಧಗಳನ್ನೂ ಅವರಿಗೆ ತಿಳಿಸಿಯೇ ತೆಗೆದುಕೊಳ್ಳಬೇಕು.

ಮನೋವೈದ್ಯರೆಂದರೆ ದೂರದ ಮಾತು ಎಂಬ ಕಾಲ ಹೋಗಿದೆ. ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿಯೇ 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. ಆ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈಗ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ತಪಾಸಣೆ ನಡೆಯುತ್ತದೆ. ಹೋಗುವ ಮೊದಲು ದಿನವನ್ನು ವಿಚಾರಿಸಿಕೊಳ್ಳಿರಿ. ಆಸ್ಪತ್ರೆಗೆ ಹೋಗಲು ಸಂಕೋಚವಿದ್ದವರು 14416 ಸಂಖ್ಯೆಗೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ. ಹಗಲಿರುಳು ದೊರೆಯುತ್ತದೆ, ಉಚಿತವಾಗಿದೆ, ಕನ್ನಡದಲ್ಲಿಯೇ ಮಾತನಾಡಬಹುದು. ಗುಳೆ ಹೋದ ಮಕ್ಕಳ ಮೊಬೈಲಿನಲ್ಲಿ ಈ ಐದು ಅಂಕಿಗಳನ್ನು ಬರೆಸಿಕೊಡಿರಿ. ಪ್ರಾಣಾಪಾಯವಿದ್ದಾಗ 108 ಅಥವಾ 112ಕ್ಕೆ ಕರೆ ಮಾಡಬೇಕು.

ಪೊಲೀಸ್ ಕೇಸಿಗೆ ಅಂಜಿ, ಪ್ರಯತ್ನಿಸಿದವರನ್ನು ಮನೆಯಲ್ಲಿಯೇ ಇಟ್ಟುಕೊಂಡು ಜೀವ ಕಳೆದುಕೊಂಡ ಪ್ರಸಂಗಗಳುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು ಅಂತಹವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದು ಪರಿಗಣಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕೆಂದು ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮೇ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು. ಅದಕ್ಕಾಗಿ ಒಂದು ನಿಮಿಷವನ್ನೂ ತಡಮಾಡಬೇಡಿ. ಹಾಗೆಯೇ ಸಾಲ ವಸೂಲಿಗೆ ಬಂದವರು ಮನೆಬಾಗಿಲಲ್ಲಿ ಬೆದರಿಸುವುದನ್ನು, ಮಾನ ಕಳೆಯುವುದನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದರಲ್ಲಿ 10 ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸಲಾಗಿದೆ. ಬೆದರಿಕೆಯನ್ನು ಮುಚ್ಚಿಡದೆ ಊರ ಹಿರಿಯರಿಗೂ ಠಾಣೆಗೂ ತಿಳಿಸಬೇಕು.

ಹೇಳಿಕೊಳ್ಳುವುದು ಶರಣಧರ್ಮಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವು ಮಾತನಾಡುವುದಕ್ಕಾಗಿಯೇ ಇದ್ದ ಸ್ಥಳ. ಬಸವಣ್ಣನವರು ತಮ್ಮ ಮನಸ್ಸಿನ ಚಂಚಲತೆಯನ್ನು, ಅಳುಕನ್ನು ವಚನಗಳಲ್ಲಿ ಬಿಚ್ಚಿಟ್ಟರು. ಅದರಿಂದ ಅವರ ಹಿರಿಮೆ ಕುಂದಲಿಲ್ಲ. ನಮ್ಮ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನವರು ಮಡದಿ ದುಗ್ಗಳೆಯೊಡನೆ ಬಾಳಿದ ರೀತಿಯನ್ನು ನೆನೆಯಿರಿ. ನೇಯ್ಗೆಯ ಕಾಯಕದಲ್ಲಿ ಬದುಕಿದ ಅವರು ಪತ್ನಿಯ ವಿವೇಕವನ್ನು ವಚನದಲ್ಲಿಯೇ ಕೊಂಡಾಡಿದರು. ಮನೆಯ ಕಷ್ಟವನ್ನು ಮಡದಿಯ ಮುಂದೆ ಹೇಳುವುದು ಗಂಡಸುತನಕ್ಕೆ ಕುಂದೆಂದು ಭಾವಿಸುವವರು ಈ ಹಿರಿಯರನ್ನು ನೋಡಬೇಕು. ಬಹಳ ಮನೆಗಳಲ್ಲಿ ಸಾಲದ ಮೊತ್ತ ಹೆಂಡತಿಗೆ ಗೊತ್ತಾಗುವುದು ಗಂಡ ಹೋದ ಮೇಲೆ. ಮೊದಲೇ ಗೊತ್ತಾಗಿದ್ದರೆ ಆಕೆ ದಾರಿ ಹುಡುಕುತ್ತಿದ್ದಳು.

ಶ್ರೀಮಠಕ್ಕೆ ಅಮಾವಾಸ್ಯೆಯಂದು ಬರುವ ಪುರುಷ ಭಕ್ತರಲ್ಲಿ ನಮ್ಮದೊಂದು ಬಿನ್ನಹ. ದರ್ಶನ, ಪ್ರಸಾದ ಮುಗಿದ ಮೇಲೆ ಮರದ ನೆರಳಲ್ಲಿ ಹತ್ತು ಮಂದಿ ಅರ್ಧ ಗಂಟೆ ಕೂಡಿರಿ. ದರ, ರಾಜಕೀಯ ಬದಿಗಿರಲಿ. ವಯಸ್ಸಿನಲ್ಲಿ ಹಿರಿಯರಾದವರು ತಮ್ಮ ಬದುಕಿನಲ್ಲಿ ಎದೆಗುಂದಿದ ಒಂದು ಕಾಲವನ್ನೂ ಅದನ್ನು ದಾಟಿದ ಬಗೆಯನ್ನೂ ಮೊದಲು ಹೇಳಲಿ. ಹಿರಿಯರು ಹೇಳಿದರೆ ಕಿರಿಯರಿಗೆ ಬಾಯಿ ಬರುತ್ತದೆ. ಇಂತಹ ಸಾವಿನಿಂದ ನೊಂದ ಮನೆಗಳಿದ್ದರೆ ಅವರ ವಿಷಯವನ್ನು ಕಟ್ಟೆಯ ಮೇಲೆ ಆಡದೆ, ಅವರ ಮನೆಗೆ ಹೋಗಿ ಕುಳಿತು ಬನ್ನಿರಿ. ಆ ಮನೆಯವರಿಗೂ ಈ ನೋವು ಹೇಳಿಕೊಳ್ಳಲಾಗದ್ದೇ.

ಕೊನೆಯದಾಗಿ, ಇದನ್ನು ಓದುತ್ತಿರುವ, ಒಳಗೊಳಗೇ ಬೇಯುತ್ತಿರುವ ಸೋದರರಿಗೆ ಒಂದು ಮಾತು. ಈ ಹೊತ್ತು ನಿಮಗೆ ಎಲ್ಲ ದಾರಿಗಳೂ ಮುಚ್ಚಿದಂತೆ ಕಾಣುತ್ತಿರಬಹುದು. ಹಾಗೆ ಕಾಣುವುದು ಕಾಯಿಲೆಯ ಲಕ್ಷಣ. ಕಾಯಿಲೆ ಇಳಿದ ಮೇಲೆ ಅದೇ ಸಾಲ, ಅದೇ ಹೊಲ ಬೇರೆಯಾಗಿ ಕಾಣುತ್ತವೆ. ನಮ್ಮ ಬಳಿಗೆ ಬಂದು ಎಲ್ಲವನ್ನೂ ಹೇಳಿ, ಮನೋವೈದ್ಯರ ಚಿಕಿತ್ಸೆ ಪಡೆದು, ಇಂದು ಮೊಮ್ಮಕ್ಕಳನ್ನು ಆಡಿಸುತ್ತಿರುವವರನ್ನು ನಾವು ಬಲ್ಲೆವು. ಇಂದೇ ಒಬ್ಬರಿಗೆ ಹೇಳಿರಿ: ಮಡದಿಗೆ, ಅಣ್ಣನಿಗೆ, ಗೆಳೆಯನಿಗೆ, ಪೂಜ್ಯರಿಗೆ, ಇಲ್ಲವೇ 14416ಕ್ಕೆ. ವೈದ್ಯರ ಬಳಿಗೆ ಹೋದರೆ ಹೊರಗೆ ಎಷ್ಟು ಮಂದಿ ಕಾಯುತ್ತಿದ್ದಾರೆಂದು ಎಣಿಸಬೇಡಿ. ಒಳಗೆ ಕುಳಿತು, ಹೇಳಬೇಕಾದುದನ್ನು ಹೇಳಿಯೇ ಏಳಿರಿ. ಅಳು ಬಂದರೆ ಅಳಿರಿ. ಅದು ತಡೆಯಬಾರದ ವೇಗ.